ಬಿಡಿಯಾಗಿ ಮುಚ್ಚಿದವು ಕೂಡುವುದಿಲ್ಲ

ತಮ್ಮ: ಅಕ್ಕ, ನನ್ನ ಹತ್ತಿರ ಎರಡು ಜೇಸನ್ ಸ್ಕೀಮಾ ಇವೆ. ಬೇರೆಬೇರೆಯಾಗಿ ಓಡಿಸಿದರೆ ಎರಡೂ ಸರಿಯಾಗಿ ಕೆಲಸ ಮಾಡುತ್ತವೆ. ಎರಡನ್ನೂ ಆಲ್‌ಆಫ್ ಒಳಗೆ ಹಾಕಿ ಕೂಡಿಸಿದೆ ಅಂದರೆ ಒಂದು ದಾಖಲೆಯೂ ಪಾಸಾಗುವುದಿಲ್ಲ. ವ್ಯಾಲಿಡೇಟರ್‌ನಲ್ಲೇ ಬಗ್ ಇದೆಯಾ?

ಅಕ್ಕ: ವ್ಯಾಲಿಡೇಟರ್ ಮೇಲೆ ಆಮೇಲೆ ಅನುಮಾನ ಪಡೋಣ. ಸ್ಕೀಮಾದಲ್ಲಿ ಏನೇನು ಬರೆದಿದ್ದೀಯ ಹೇಳು.

ತಮ್ಮ: ಗ್ರಂಥಾಲಯದ ಸದಸ್ಯರ ಎಪಿಐ ಅದು. 'ವ್ಯಕ್ತಿ' ಅಂತ ಒಂದು ಸ್ಕೀಮಾ. ಅದರಲ್ಲಿ ಹೆಸರು, ಹುಟ್ಟಿದ ದಿನ, ಫೋನ್. 'ಸದಸ್ಯತ್ವ' ಅಂತ ಇನ್ನೊಂದು. ಅದರಲ್ಲಿ ಸಂಖ್ಯೆ, ವಿಧ, ಮುಗಿಯುವ ದಿನ. ಫೀಲ್ಡ್ ಹೆಸರುಗಳನ್ನು ಕನ್ನಡದಲ್ಲೇ ಇಟ್ಟಿದ್ದೇವೆ. ಬೇರೆ ಯಾವ ಫೀಲ್ಡೂ ಒಳಗೆ ಬರಬಾರದು ಅಂತ ಎರಡಕ್ಕೂ ಅಡಿಶನಲ್‌ಪ್ರಾಪರ್ಟೀಸ್ ಫಾಲ್ಸ್ ಅಂತ ಬರೆದಿದೆ. ಆರೂ ಫೀಲ್ಡ್ ಇರುವ ದಾಖಲೆ ಕಳಿಸಿದರೆ ರಿಜೆಕ್ಟ್.

ಅಕ್ಕ: ಆಗಲೇಬೇಕು. ಆಲ್‌ಆಫ್ ಅನ್ನುವುದು ಸ್ಕೀಮಾಗಳನ್ನು ಸೇರಿಸಿ ಒಂದು ಮಾಡುವುದಿಲ್ಲ ಕಣೋ. ಪಟ್ಟಿಯಲ್ಲಿರುವ ಒಂದೊಂದು ಸ್ಕೀಮಾಕ್ಕೂ ಇಡೀ ದಾಖಲೆಯನ್ನು ತೋರಿಸಿ, ಎಲ್ಲವೂ ಒಪ್ಪಿದರೆ ಮಾತ್ರ ಪಾಸು ಅನ್ನುತ್ತದೆ. ಗೋದಾಮಿನ ಬಾಗಿಲಲ್ಲಿ ಇಬ್ಬರು ತಪಾಸಣೆಯವರು ನಿಂತಿದ್ದಾರೆ ಅಂದುಕೋ. ಒಬ್ಬನ ಚೀಟಿಯಲ್ಲಿ ಅಕ್ಕಿ, ಬೇಳೆ ಅಂತಿದೆ, ಇನ್ನೊಬ್ಬನದರಲ್ಲಿ ಎಣ್ಣೆ, ಬೆಲ್ಲ. ಚೀಟಿಯಲ್ಲಿ ಇಲ್ಲದ್ದು ಒಂದೂ ಒಳಗೆ ಹೋಗಬಾರದು ಅಂತ ಇಬ್ಬರಿಗೂ ಅಪ್ಪಣೆ. ಒಬ್ಬರು ಇನ್ನೊಬ್ಬರ ಚೀಟಿ ನೋಡುವುದಿಲ್ಲ. ನಾಲ್ಕೂ ಸಾಮಾನು ಹೇರಿಕೊಂಡು ಬಂದ ಗಾಡಿಯನ್ನು ಮೊದಲನೆಯವನು ಎಣ್ಣೆ ಕಂಡು ನಿಲ್ಲಿಸುತ್ತಾನೆ, ಎರಡನೆಯವನು ಅಕ್ಕಿ ಕಂಡು ನಿಲ್ಲಿಸುತ್ತಾನೆ. ಇಬ್ಬರನ್ನೂ ದಾಟಬಲ್ಲದ್ದು ಖಾಲಿ ಗಾಡಿ ಒಂದೇ.

ತಮ್ಮ: ಹೌದು, ಖಾಲಿ ಆಬ್ಜೆಕ್ಟ್ ಕಳಿಸಿದಾಗ ಪಾಸಾಯಿತು! ಅದು ಯಾಕೆ ಅಂತಲೇ ಗೊತ್ತಾಗಿರಲಿಲ್ಲ.

ಅಕ್ಕ: ಹೆಸರು ಕಡ್ಡಾಯ ಅಂತ ರಿಕ್ವೈರ್ಡ್ ಹಾಕಿದ್ದರೆ ಅದೂ ಪಾಸಾಗುತ್ತಿರಲಿಲ್ಲ. ಆಗ ನಿನ್ನ ಸ್ಕೀಮಾವನ್ನು ಒಪ್ಪಿಸುವ ಆಬ್ಜೆಕ್ಟ್ ಈ ಲೋಕದಲ್ಲೇ ಇರುವುದಿಲ್ಲ. ತಾರ್ಕಿಕವಾಗಿ ಅದು ತಪ್ಪಿಲ್ಲದ ಸ್ಕೀಮಾ, ಉಪಯೋಗ ಮಾತ್ರ ಸೊನ್ನೆ. ವ್ಯಾಲಿಡೇಟರ್ ಎಚ್ಚರಿಸುವುದೂ ಇಲ್ಲ, ಯಾಕೆಂದರೆ ನೀನು ಹೇಳಿದ್ದನ್ನು ಅದು ಅಕ್ಷರಶಃ ಪಾಲಿಸುತ್ತಿದೆ.

ತಮ್ಮ: ನಾನು ಜಾವಾದಲ್ಲಿ ಒಂದು ಕ್ಲಾಸ್ ಇನ್ನೊಂದನ್ನು ಎಕ್ಸ್‌ಟೆಂಡ್ ಮಾಡುವ ಹಾಗೆ ಅಂದುಕೊಂಡಿದ್ದೆ. ತಾಯಿ ಕ್ಲಾಸಿನಲ್ಲಿ ಮೂರು ಫೀಲ್ಡ್, ಮಗಳಲ್ಲಿ ಮೂರು, ಒಟ್ಟು ಆರು.

ಅಕ್ಕ: ಆ ಕಲ್ಪನೆಯಿಂದಲೇ ಅರ್ಧ ತೊಂದರೆ ಹುಟ್ಟುವುದು. 2010ರ ಜೇಸನ್ ಸ್ಕೀಮಾ ಡ್ರಾಫ್ಟ್ 3ರಲ್ಲಿ ಎಕ್ಸ್‌ಟೆಂಡ್ಸ್ ಅಂತಲೇ ಒಂದು ಕೀವರ್ಡ್ ಇತ್ತು. ಆಗಲೂ ಅದರ ನಡವಳಿಕೆ ಎರಡು ಸ್ಕೀಮಾಗಳಿಗೂ ದಾಖಲೆ ಒಪ್ಪಬೇಕು ಅನ್ನುವುದೇ ಆಗಿತ್ತು. 2013ರ ಡ್ರಾಫ್ಟ್ 4ರಲ್ಲಿ ಅದನ್ನು ತೆಗೆದು ಆಲ್‌ಆಫ್, ಎನಿಆಫ್, ಒನ್‌ಆಫ್, ನಾಟ್ ತಂದರು. ಕ್ಲಾಸು ವಸ್ತುವಿಗೆ ಒಂದೊಂದಾಗಿ ಗುಣ ಸೇರಿಸುತ್ತಾ ಹೋಗುತ್ತದೆ. ಜೇಸನ್ ಸ್ಕೀಮಾ ಹಾಗಲ್ಲ. ಏನೂ ಬರೆಯದ ಖಾಲಿ ಸ್ಕೀಮಾ ಎಲ್ಲವನ್ನೂ ಒಪ್ಪುತ್ತದೆ. ಆಮೇಲೆ ಬರೆಯುವ ಒಂದೊಂದು ಕೀವರ್ಡೂ ಒಪ್ಪಿಗೆಯ ವ್ಯಾಪ್ತಿಯನ್ನು ಕಿರಿದು ಮಾಡುತ್ತದೆ. ಒಂದು ಕೀವರ್ಡ್ ತಿರಸ್ಕರಿಸಿದ್ದನ್ನು ಇನ್ನೊಂದು ಕೀವರ್ಡ್ ವಾಪಸ್ ತರಲಾರದು. 'ವ್ಯಕ್ತಿ'ಯನ್ನು ಮುಚ್ಚಿಬಿಟ್ಟ ಮೇಲೆ ಅದನ್ನು ಬಳಸುವವರು ಹೊರಗಿನಿಂದ ಏನು ಮಾಡಿದರೂ ಅದು ತೆರೆಯುವುದಿಲ್ಲ.

ತಮ್ಮ: ಹಾಗಾದರೆ ಎರಡರಿಂದಲೂ ಆ ಫಾಲ್ಸ್ ತೆಗೆದು, ಹೊರಗಿನ ಸ್ಕೀಮಾದಲ್ಲಿ ಆಲ್‌ಆಫ್ ಪಕ್ಕ ಒಮ್ಮೆ ಮಾತ್ರ ಬರೆದರೆ?

ಅಕ್ಕ: ಬರೆದು ನೋಡು. ಈ ಸಲ ಆರು ಫೀಲ್ಡೂ ಹೆಚ್ಚುವರಿ ಅಂತ ಹೇಳುತ್ತದೆ.

ತಮ್ಮ: ಒಳಗೆ ಸ್ಪಷ್ಟವಾಗಿ ಬರೆದಿದೆಯಲ್ಲ?

ಅಕ್ಕ: ಅದಕ್ಕೆ ಒಳಗಿನದು ಕಾಣುವುದಿಲ್ಲ. ಅಡಿಶನಲ್‌ಪ್ರಾಪರ್ಟೀಸ್ ನೋಡುವುದು ತನ್ನ ಮಗ್ಗುಲಲ್ಲೇ, ಅದೇ ಆವರಣದಲ್ಲಿ ಇರುವ ಪ್ರಾಪರ್ಟೀಸ್ ಮತ್ತು ಪ್ಯಾಟರ್ನ್‌ಪ್ರಾಪರ್ಟೀಸ್ ಎರಡನ್ನೇ. ಹೊರಗಿನ ಸ್ಕೀಮಾದಲ್ಲಿ ಪ್ರಾಪರ್ಟೀಸೇ ಇಲ್ಲ, ಹಾಗಾಗಿ ಅದರ ಪಾಲಿಗೆ ಗೊತ್ತಿರುವ ಫೀಲ್ಡ್ ಒಂದೂ ಇಲ್ಲ. ಇದನ್ನು ಹೀಗೆ ಮಾಡಿದ್ದರಲ್ಲಿ ವಿವೇಕವೂ ಇದೆ. ದಾಖಲೆ ಬರುವ ಮೊದಲೇ, ಸ್ಕೀಮಾ ಓದಿಯೇ ಯಾವುದು ಒಳಗೆ, ಯಾವುದು ಹೊರಗೆ ಅಂತ ಹೇಳಬಹುದು. ಬೇರೆ ಕೀವರ್ಡ್‌ಗಳು ಏನು ತೀರ್ಮಾನಿಸಿದವು ಅಂತ ಕಾಯಬೇಕಿಲ್ಲ. ವ್ಯಾಲಿಡೇಟರ್ ಬರೆಯುವವರಿಗೆ ಅದು ಸುಲಭ. ಕೂಡಿಸುವವರಿಗೆ ಮಾತ್ರ ಕಷ್ಟ.

ತಮ್ಮ: ಇಷ್ಟೆಲ್ಲ ಕಷ್ಟ ಯಾಕೆ, ಮುಚ್ಚುವುದನ್ನೇ ಬಿಟ್ಟರೆ ಆಗದಾ? ಹೆಚ್ಚುವರಿ ಫೀಲ್ಡ್ ಬಂದರೆ ನಮ್ಮ ಕೋಡ್ ಅದನ್ನು ಓದುವುದೇ ಇಲ್ಲ.

ಅಕ್ಕ: ಅದನ್ನು ನಾನು ಒಪ್ಪುವುದಿಲ್ಲ. ನಿನ್ನ ಸ್ಕೀಮಾದಲ್ಲಿ ಫೋನ್ ಕಡ್ಡಾಯವಾ?

ತಮ್ಮ: ಇಲ್ಲ, ಐಚ್ಛಿಕ.

ಅಕ್ಕ: ಕಳಿಸುವವರು 'ಫೋನ್' ಅನ್ನುವ ಕಡೆ 'ಪೋನ್' ಅಂತ ಟೈಪ್ ಮಾಡಿದರು. ಸ್ಕೀಮಾ ತೆರೆದಿದೆ, ಹಾಗಾಗಿ ಪೋನ್ ಅನ್ನುವ ಅಪರಿಚಿತ ಫೀಲ್ಡ್ ಬಂದರೆ ಅಡ್ಡಿಯಿಲ್ಲ. ಫೋನ್ ಐಚ್ಛಿಕ, ಹಾಗಾಗಿ ಇಲ್ಲದಿದ್ದರೂ ಅಡ್ಡಿಯಿಲ್ಲ. ದಾಖಲೆ ಪಾಸು. ಕಳಿಸಿದವರಿಗೆ 200 ಅಂತ ಉತ್ತರ ಹೋಯಿತು, ನಂಬರು ಕಳೆದುಹೋಯಿತು. ತಿಂಗಳುಗಳ ಮೇಲೆ ಯಾರೋ ಪುಸ್ತಕ ವಾಪಸ್ ಕೇಳಲು ಫೋನ್ ಮಾಡಲು ಹೋದಾಗಲೇ ಗೊತ್ತಾಗುವುದು. ಐಚ್ಛಿಕ ಫೀಲ್ಡ್ ಇರುವ ತೆರೆದ ಸ್ಕೀಮಾದಲ್ಲಿ ಕಾಗುಣಿತದ ತಪ್ಪು ಹಿಡಿಯುವ ಶಕ್ತಿಯೇ ಇರುವುದಿಲ್ಲ. ಕಾನ್ಫಿಗರೇಶನ್ ಫೈಲುಗಳಲ್ಲಿ ಇದು ಇನ್ನೂ ಕೆಟ್ಟದು. ಟೈಮ್‌ಔಟ್ ಅನ್ನುವುದರಲ್ಲಿ ಒಂದಕ್ಷರ ತಪ್ಪಿದರೆ ಡೀಫಾಲ್ಟ್ ಬೆಲೆಯೇ ಜಾರಿಯಾಗುತ್ತದೆ, ಎರರ್ ಬರುವುದೇ ಇಲ್ಲ.

ಇನ್ನು ಭದ್ರತೆ. 2012ರ ಮಾರ್ಚ್‌ನಲ್ಲಿ ಗಿಟ್‌ಹಬ್‌ನಲ್ಲಿ ಆದದ್ದು ಗೊತ್ತಿರಬೇಕು ನಿನಗೆ. ಯೆಗೋರ್ ಹೊಮಾಕೊವ್ ಅನ್ನುವ ಪ್ರೋಗ್ರಾಮರ್ ತನ್ನ ಪಬ್ಲಿಕ್ ಕೀ ಕಳಿಸುವ ಫಾರ್ಮ್‌ನಲ್ಲಿ ಬಳಕೆದಾರರ ಐಡಿ ಅನ್ನುವ ಹೆಚ್ಚುವರಿ ಫೀಲ್ಡ್ ತುರುಕಿ ಕಳಿಸಿದ. ಸರ್ವರ್ ಬಂದದ್ದನ್ನೆಲ್ಲ ಹಾಗೇ ತೆಗೆದುಕೊಂಡಿತು. ಆ ಕೀ ರೂಬಿ ಆನ್ ರೈಲ್ಸ್ ತಂಡದ ಕಡೆಗೆ ಸೇರಿ, ಅವರ ಮೂಲ ಕೋಡಿಗೆ ಅವನು ಕಮಿಟ್ ಮಾಡಿ ತೋರಿಸಿದ. ಅದು ಜೇಸನ್ ಅಲ್ಲ, ವೆಬ್ ಫಾರ್ಮ್. ಆದರೂ ರೋಗ ಒಂದೇ. ಮಾಸ್ ಅಸೈನ್‌ಮೆಂಟ್ ಅನ್ನುತ್ತಾರೆ. ವೆಬ್ ಭದ್ರತೆಯ ಸಂಸ್ಥೆ ಓವಾಸ್ಪ್ 2019ರಲ್ಲಿ ಎಪಿಐಗಳ 10 ಮುಖ್ಯ ಅಪಾಯಗಳ ಪಟ್ಟಿ ಮಾಡಿದಾಗ ಇದಕ್ಕೆ 6ನೇ ಸ್ಥಾನ ಕೊಟ್ಟಿತ್ತು. ನಮ್ಮ ಕೋಡ್ ಅದನ್ನು ಓದುವುದಿಲ್ಲ ಅಂದೆಯಲ್ಲ, ಬಂದ ಆಬ್ಜೆಕ್ಟನ್ನು ಇಡಿಯಾಗಿ ಡೇಟಾಬೇಸಿಗೆ ದಾಟಿಸುವ ಒಂದೇ ಒಂದು ಸಾಲು ಎಲ್ಲೋ ಇದ್ದರೆ ಸಾಕು, ಆ ಮಾತು ಸುಳ್ಳಾಗುತ್ತದೆ.

ತಮ್ಮ: ಆದರೆ ಇನ್ನೊಂದು ಮಾತೂ ಇದೆಯಲ್ಲ ಅಕ್ಕ? ಕಳಿಸುವಾಗ ಕಟ್ಟುನಿಟ್ಟು, ಸ್ವೀಕರಿಸುವಾಗ ಉದಾರ ಅಂತ. ಜಾನ್ ಪೋಸ್ಟೆಲ್ 1980ರಲ್ಲೇ ಟಿಸಿಪಿ ವಿವರಣೆಯಲ್ಲಿ ಹೇಳಿದ್ದು. ಎಲ್ಲವನ್ನೂ ಮುಚ್ಚಿದರೆ ನಾಳೆ ಹೊಸ ಫೀಲ್ಡ್ ಸೇರಿಸಿದ ದಿನ ಹಳೆಯ ಆಪ್‌ಗಳೆಲ್ಲ ನಿಲ್ಲುತ್ತವೆ.

ಅಕ್ಕ: ಅದು ನಿಜವಾದ ಆತಂಕ, ತಳ್ಳಿಹಾಕುವಂಥದ್ದಲ್ಲ. ಅದಕ್ಕೇ ನಾನು ಎಲ್ಲವನ್ನೂ ಮುಚ್ಚು ಅನ್ನುವುದಿಲ್ಲ. ಬೇರೆಯವರ ಸರ್ವರ್ ಕಳಿಸಿದ ಉತ್ತರವನ್ನು ಓದುವ ಕಡೆ ತೆರೆದೇ ಇಡಬೇಕು, ಅವರು ನಾಳೆ ಒಂದು ಫೀಲ್ಡ್ ಸೇರಿಸಿದರೆ ನಿನ್ನ ಆಪ್ ಬೀಳಬಾರದು. ನಿನ್ನ ಸರ್ವರ್‌ಗೆ ಬರೆಯಲು ಬರುವ ಕೋರಿಕೆಯನ್ನು, ಮನುಷ್ಯರು ಕೈಯಲ್ಲಿ ಬರೆಯುವ ಕಾನ್ಫಿಗರೇಶನ್ನನ್ನು ಮುಚ್ಚಬೇಕು. ಅಲ್ಲಿ ಉದಾರತೆ ತೋರಿಸಿದರೆ ತಪ್ಪು ಬೇರೂರುತ್ತದೆ. 'ಪೋನ್' ಅಂತ ಕಳಿಸುವ ನಾಲ್ಕು ಆಪ್‌ಗಳು ಹುಟ್ಟಿಕೊಂಡ ಮೇಲೆ ನೀನು ಅದನ್ನು ತಿದ್ದಲೂ ಆಗುವುದಿಲ್ಲ. ಪೋಸ್ಟೆಲ್ ಸೂತ್ರದ ಈ ಮುಖವನ್ನೇ 2023ರಲ್ಲಿ ಬಂದ ಆರ್‌ಎಫ್‌ಸಿ 9413 ವಿವರವಾಗಿ ಚರ್ಚಿಸಿದೆ. ಒಮ್ಮೆ ಓದು.

ತಮ್ಮ: ನಂದು ಬರೆಯುವ ಎಪಿಐ. ಹಾಗಾದರೆ ಮುಚ್ಚಲೇಬೇಕು, ಕೂಡಿಸಲೂ ಬೇಕು.

ಅಕ್ಕ: ನಿನ್ನ ಸ್ಕೀಮಾ ಯಾವ ಡ್ರಾಫ್ಟ್?

ತಮ್ಮ: 7.

ಅಕ್ಕ: ಡ್ರಾಫ್ಟ್ 7ರಲ್ಲಿ ಒಂದು ದಾರಿ ಇದೆ, ಚೆಂದದ್ದಲ್ಲ, ಆದರೆ ನಡೆಯುತ್ತದೆ. ಒಳಗಿನ ಎರಡೂ ಸ್ಕೀಮಾ ತೆರೆದಿರಲಿ. ಹೊರಗಿನ ಸ್ಕೀಮಾದಲ್ಲಿ ಪ್ರಾಪರ್ಟೀಸ್ ಬರೆದು ಆರೂ ಫೀಲ್ಡ್‌ಗಳ ಹೆಸರನ್ನು ಮತ್ತೆ ಪಟ್ಟಿ ಮಾಡು, ಬೆಲೆಯಾಗಿ ಟ್ರೂ ಅಂತ ಮಾತ್ರ ಹಾಕು. ಆಮೇಲೆ ಅಲ್ಲೇ ಅಡಿಶನಲ್‌ಪ್ರಾಪರ್ಟೀಸ್ ಫಾಲ್ಸ್. ನಿಜವಾದ ನಿಯಮಗಳು ಒಳಗೆ, ಹೆಸರುಗಳ ಪಟ್ಟಿ ಹೊರಗೆ.

ತಮ್ಮ: 'ವ್ಯಕ್ತಿ'ಗೆ ಈಮೇಲ್ ಸೇರಿಸಿದರೆ ಎರಡು ಕಡೆ ಬದಲಾಯಿಸಬೇಕು.

ಅಕ್ಕ: ಬೇಕು. ಮರೆತರೆ ಈಮೇಲ್ ಇರುವ ದಾಖಲೆ ಕೂಡಲೇ ರಿಜೆಕ್ಟ್ ಆಗುತ್ತದೆ, ಸದ್ದಿಲ್ಲದೆ ಹಾಳಾಗುವುದಿಲ್ಲ ಅನ್ನುವುದೇ ಸಮಾಧಾನ. ಇದನ್ನು ಕೀಳಾಗಿ ಕಾಣಬೇಡ. ಕುಬರ್ನೆಟೀಸ್‌ನವರು ಇದನ್ನೇ ಕಾನೂನು ಮಾಡಿಕೊಂಡಿದ್ದಾರೆ. 2019ರ 1.16 ಆವೃತ್ತಿಯೊಂದಿಗೆ ಬಂದ ವಿ1 ಎಪಿಐನಲ್ಲಿ ಹೊಸ ರಿಸೋರ್ಸ್ ವ್ಯಾಖ್ಯಾನಿಸಲು ಸ್ಟ್ರಕ್ಚರಲ್ ಸ್ಕೀಮಾ ಬೇಕು. ಆಲ್‌ಆಫ್, ಎನಿಆಫ್ ಒಳಗೆ ಬರುವ ಪ್ರತಿ ಫೀಲ್ಡನ್ನೂ ಹೊರಗೂ ಬರೆದಿರಬೇಕು, ಒಳಗೆ ಅಡಿಶನಲ್‌ಪ್ರಾಪರ್ಟೀಸ್ ಬರೆಯುವ ಹಾಗೇ ಇಲ್ಲ. ಹಾಗೆ ಮಾಡಿದ್ದರಿಂದ ಯಾವ ಫೀಲ್ಡ್ ಗೊತ್ತು, ಯಾವುದು ಗೊತ್ತಿಲ್ಲ ಅಂತ ಸ್ಕೀಮಾ ಓದಿಯೇ ಸರ್ವರ್ ತಿಳಿಯುತ್ತದೆ. ಗೊತ್ತಿಲ್ಲದ್ದನ್ನು ಅದು ರಿಜೆಕ್ಟ್ ಮಾಡುತ್ತಿರಲಿಲ್ಲ, ಕತ್ತರಿಸಿ ಎಸೆಯುತ್ತಿತ್ತು. ಕಾಗುಣಿತ ತಪ್ಪಿದ ಫೀಲ್ಡ್ ಹಾಗೇ ಮಾಯ. ಆಮೇಲೆ ಸರ್ವರ್ ಕಡೆಯಿಂದಲೇ ಕಟ್ಟುನಿಟ್ಟಾಗಿ ತಡೆಯುವ ಸೌಲಭ್ಯ ತಂದರು, 1.27ರಲ್ಲಿ ಅದು ಸ್ಥಿರವಾಯಿತು.

ತಮ್ಮ: ಹೊಸ ಡ್ರಾಫ್ಟ್‌ನಲ್ಲಿ ಇದಕ್ಕೆ ಪರಿಹಾರ ಇದೆ ಅಂತ ಕೇಳಿದ್ದೇನೆ.

ಅಕ್ಕ: ಇದೆ. 2019-09 ಡ್ರಾಫ್ಟ್‌ನಲ್ಲಿ ಬಂದದ್ದು, 2020-12ರಲ್ಲೂ ಇದೆ. ಅನ್‌ಇವ್ಯಾಲ್ಯುಯೇಟೆಡ್‌ಪ್ರಾಪರ್ಟೀಸ್. ಆ ಗೋದಾಮಿನ ಬಾಗಿಲಿಗೆ ವಾಪಸ್ ಬಾ. ಇಬ್ಬರು ತಪಾಸಣೆಯವರೂ ಚೀಟಿಯಲ್ಲಿ ಇಲ್ಲದ್ದನ್ನು ತಡೆಯುವುದು ಬಿಟ್ಟು, ತಾವು ನೋಡಿ ಒಪ್ಪಿದ ಮೂಟೆಗೆ ಸುಣ್ಣದ ಗುರುತು ಹಾಕುತ್ತಾರೆ. ಕೊನೆಯಲ್ಲಿ ನಿಂತ ಮೂರನೆಯವನು ಗುರುತಿಲ್ಲದ ಮೂಟೆ ಕಂಡರೆ ಗಾಡಿ ನಿಲ್ಲಿಸುತ್ತಾನೆ. ಸ್ಪೆಸಿಫಿಕೇಶನ್‌ನಲ್ಲಿ ಈ ಗುರುತಿಗೆ ಅನೊಟೇಶನ್ ಅಂತ ಹೆಸರು. ಆಲ್‌ಆಫ್, ಎನಿಆಫ್, ಒನ್‌ಆಫ್, ಇಫ್-ದೆನ್-ಎಲ್ಸ್, ರೆಫ್ ಹೀಗೆ ಒಳಗೆ ಎಲ್ಲೇ ಗುರುತು ಬಿದ್ದಿರಲಿ, ಆ ಭಾಗ ಪಾಸಾಗಿದ್ದರೆ ಹೊರಗಿನ ಕೀವರ್ಡ್‌ಗೆ ಅದು ತಲುಪುತ್ತದೆ.

ತಮ್ಮ: ಪಟ್ಟಿ ಎರಡು ಸಲ ಬರೆಯುವ ಕೆಲಸ ತಪ್ಪಿತು ಅಷ್ಟೇ ತಾನೇ?

ಅಕ್ಕ: ಅಷ್ಟೇ ಅಲ್ಲ, ಹಳೆಯ ವಿಧಾನದ ಪಟ್ಟಿಯೊಂದರಿಂದಲೇ ಹೇಳಲಾಗದ್ದನ್ನೂ ಇದರಲ್ಲಿ ಹೇಳಬಹುದು. ಸದಸ್ಯತ್ವದ ವಿಧ 'ವಿದ್ಯಾರ್ಥಿ' ಆದರೆ ಕಾಲೇಜು ಅನ್ನುವ ಫೀಲ್ಡ್ ಬೇಕು ಅಂತ, ಅದನ್ನು ದೆನ್ ಒಳಗಿನ ಪ್ರಾಪರ್ಟೀಸ್‌ನಲ್ಲೂ ಹೆಸರಿಸಿ, ಇಫ್-ದೆನ್ ಬರೆದಿದ್ದೀಯ ಅಂದುಕೋ. ಪಟ್ಟಿ ಮಾಡುವ ವಿಧಾನದಲ್ಲಿ ಕಾಲೇಜು ಅನ್ನುವ ಹೆಸರು ಹೊರಗಿನ ಪಟ್ಟಿಗೆ ಸೇರಲೇಬೇಕು, ಸೇರಿದ ಮೇಲೆ ಸಾಮಾನ್ಯ ಸದಸ್ಯನೂ ಕಾಲೇಜು ಕಳಿಸಬಹುದು, ತಡೆಯಲು ಬೇರೆ ನಿಯಮವೇ ಬರೆಯಬೇಕು. ಅನ್‌ಇವ್ಯಾಲ್ಯುಯೇಟೆಡ್ ಹಾಗಲ್ಲ. ವಿದ್ಯಾರ್ಥಿಯ ದಾಖಲೆಯಲ್ಲಿ ಮಾತ್ರ ದೆನ್ ಭಾಗ ಓಡುತ್ತದೆ, ಕಾಲೇಜಿಗೆ ಗುರುತು ಬೀಳುತ್ತದೆ. ಸಾಮಾನ್ಯ ಸದಸ್ಯನ ದಾಖಲೆಯಲ್ಲಿ ಅದು ಓಡುವುದಿಲ್ಲ, ಗುರುತಿಲ್ಲದ ಕಾಲೇಜು ಅಲ್ಲೇ ಸಿಕ್ಕಿಬೀಳುತ್ತದೆ. ಯಾವ ಫೀಲ್ಡ್ ಹೆಚ್ಚುವರಿ ಅನ್ನುವುದು ಸ್ಕೀಮಾ ಒಂದರಿಂದಲೇ ಅಲ್ಲ, ಮುಂದಿರುವ ದಾಖಲೆಯಿಂದಲೂ ತೀರ್ಮಾನವಾಗುತ್ತದೆ. ಇದಕ್ಕೆ ಬೆಲೆಯೂ ಇದೆ. ಎನಿಆಫ್‌ನಲ್ಲಿ ಒಂದು ಭಾಗ ಪಾಸಾದ ಕೂಡಲೇ ವ್ಯಾಲಿಡೇಟರ್ ನಿಲ್ಲುವ ಹಾಗಿಲ್ಲ, ಎಲ್ಲ ಭಾಗಗಳ ಗುರುತೂ ಬೇಕು. ಸ್ವಲ್ಪ ನಿಧಾನ. ನಿನ್ನ ಎಪಿಐಗೆ ಅದು ಲೆಕ್ಕಕ್ಕೆ ಬಾರದು.

ತಮ್ಮ: ಹಾಗಾದರೆ ಒಳಗಿನ ಎರಡೂ ಸ್ಕೀಮಾಕ್ಕೆ ಅಡಿಶನಲ್ ತೆಗೆದು ಅನ್‌ಇವ್ಯಾಲ್ಯುಯೇಟೆಡ್ ಹಾಕಿಬಿಡುತ್ತೇನೆ.

ಅಕ್ಕ: ಹಾಕಿದರೆ ಹೊರಟಲ್ಲಿಗೇ ಬಂದು ನಿಲ್ಲುತ್ತೀಯ! ಒಳಗಿನ ಸ್ಕೀಮಾದಲ್ಲಿ ಬರೆದರೆ ಅದಕ್ಕೆ ಆಲ್‌ಆಫ್‌ನಲ್ಲಿ ಪಕ್ಕದಲ್ಲಿರುವ ಸ್ಕೀಮಾ ಹಾಕಿದ ಗುರುತು ಕಾಣುವುದಿಲ್ಲ. ತನ್ನ ಕೆಳಗಿನವು, ತನ್ನ ಮಗ್ಗುಲಿನವು ಮಾತ್ರ ಕಾಣುತ್ತವೆ. ಮುಚ್ಚುವ ಕೀವರ್ಡ್ ಇರಬೇಕಾದದ್ದು ಅತ್ಯಂತ ಹೊರಗೆ, ಎಲ್ಲ ಕೂಡಿಸಿ ಮುಗಿದ ಜಾಗದಲ್ಲಿ.

ತಮ್ಮ: 'ವ್ಯಕ್ತಿ'ಯನ್ನು ಒಂದೊಂದು ಕಡೆ ಒಂಟಿಯಾಗಿಯೂ ಬಳಸುತ್ತೇವೆ, ಅಲ್ಲಿ ಅದು ಮುಚ್ಚಿರಬೇಕು.

ಅಕ್ಕ: ಹಾಗಿದ್ದರೆ ತೆರೆದ 'ವ್ಯಕ್ತಿ'ಯನ್ನು ಡೆಫ್ಸ್ ಒಳಗಿಡು. 'ಮುಚ್ಚಿದ ವ್ಯಕ್ತಿ' ಅಂತ ಇನ್ನೊಂದು ತೆಳ್ಳನೆಯ ಸ್ಕೀಮಾ ಮಾಡು. ಅದರಲ್ಲಿ ಎರಡೇ ಸಾಲು: ವ್ಯಕ್ತಿಗೆ ಒಂದು ರೆಫ್, ಪಕ್ಕದಲ್ಲಿ ಅನ್‌ಇವ್ಯಾಲ್ಯುಯೇಟೆಡ್‌ಪ್ರಾಪರ್ಟೀಸ್ ಫಾಲ್ಸ್. ಎರಡನ್ನೂ ಕೂಡಿಸಿದ 'ಸದಸ್ಯ'ನಿಗೂ ಹಾಗೇ ಒಂದು ಹೊರ ಹೊದಿಕೆ. ಡ್ರಾಫ್ಟ್ 7ರಲ್ಲಿ ರೆಫ್ ಪಕ್ಕ ಏನು ಬರೆದರೂ ವ್ಯಾಲಿಡೇಟರ್ ಅದನ್ನು ನೋಡುವುದೇ ಇಲ್ಲ, 2019-09ರಿಂದ ಆ ನಿಯಮ ಬದಲಾಗಿದೆ ಅನ್ನುವುದನ್ನು ನೆನಪಿಡು.

ತಮ್ಮ: ಒಳಗಿನವು ತೆರೆದಿವೆ ಅಂತ ಓದುವವರಿಗೆ ಗೊತ್ತಾಗಲಿ, ಅಲ್ಲಿ ಅಡಿಶನಲ್‌ಪ್ರಾಪರ್ಟೀಸ್ ಟ್ರೂ ಅಂತ ಬರೆಯಲಾ?

ಅಕ್ಕ: ಬರೆಯಲೇಬೇಡ. ಬಹಳ ಜನ ಬೀಳುವ ಗುಂಡಿ ಅದು. ಟ್ರೂ ಅಂತ ಬರೆದ ಕೂಡಲೇ ಆ ಕೀವರ್ಡ್ ಉಳಿದ ಎಲ್ಲ ಫೀಲ್ಡನ್ನೂ ನೋಡಿ ಒಪ್ಪಿದೆ ಅಂತ ಅರ್ಥ, ಎಲ್ಲಕ್ಕೂ ಗುರುತು ಬೀಳುತ್ತದೆ. ಹೊರಗಿನ ಫಾಲ್ಸ್‌ಗೆ ಹಿಡಿಯಲು ಏನೂ ಉಳಿಯುವುದಿಲ್ಲ. ಸುಮ್ಮನಿರುವುದಕ್ಕೂ ಟ್ರೂ ಅನ್ನುವುದಕ್ಕೂ ಇಲ್ಲಿ ಅಜಗಜಾಂತರ. ಓದುವವರಿಗೆ ತಿಳಿಸಬೇಕಾದರೆ ಕಾಮೆಂಟ್ ಕೀವರ್ಡ್ ಇದೆ, ಅದರಲ್ಲಿ ಬರೆ.

ತಮ್ಮ: ಅದು ಸರಿ. ಆದರೆ ನಮ್ಮ ವ್ಯಾಲಿಡೇಟರ್ ಈಗಿನ್ನೂ ಡ್ರಾಫ್ಟ್ 7 ಮೋಡ್‌ನಲ್ಲಿದೆ. ಹೊಸ ಕೀವರ್ಡ್ ಕೊಟ್ಟರೆ ಎರರ್ ಬರುತ್ತದಾ?

ಅಕ್ಕ: ಬಂದರೆ ನಿನ್ನ ಪುಣ್ಯ. ಗೊತ್ತಿಲ್ಲದ ಕೀವರ್ಡ್ ಕಂಡರೆ ನಿರ್ಲಕ್ಷಿಸಬೇಕು ಅನ್ನುವುದು ಆ ಡ್ರಾಫ್ಟ್‌ನ ರೂಢಿ. ಸ್ಕೀಮಾ ತಾನೇ ಒಂದು ಜೇಸನ್ ದಾಖಲೆ, ಅದನ್ನು ಪರೀಕ್ಷಿಸುವ ಮೆಟಾ-ಸ್ಕೀಮಾ ಕೂಡ ತೆರೆದೇ ಇದೆ. ಹಾಗಾಗಿ ಮುಚ್ಚಲು ಬರೆದ ಕೀವರ್ಡೇ ಅಪರಿಚಿತ ಫೀಲ್ಡ್ ಆಗಿ ಒಳಗೆ ನುಸುಳಿ, ಏನೂ ಮಾಡದೆ ಕುಳಿತಿರುತ್ತದೆ. ಅಡಿಶನಲ್‌ಪ್ರಾಪರ್ಟೀಸ್ ಅನ್ನುವುದರಲ್ಲಿ ಒಂದಕ್ಷರ ತಪ್ಪಿದರೂ ಇದೇ ಗತಿ. ಇದು ನನ್ನನ್ನು ನಿಜವಾಗಿ ಕಾಡುವ ವಿಷಯ. ರಿಜೆಕ್ಟ್ ಮಾಡುವ ಸ್ಕೀಮಾ ಇದೆ ಅಂತ ಟೀಮ್ ನಂಬಿರುತ್ತದೆ, ಎಲ್ಲವೂ ಒಳಗೆ ಬರುತ್ತಿರುತ್ತದೆ. ಎಜೆವಿಯಂಥ ವ್ಯಾಲಿಡೇಟರ್‌ನಲ್ಲಿ ಸ್ಟ್ರಿಕ್ಟ್ ಮೋಡ್ ಇದೆ, ಅಪರಿಚಿತ ಕೀವರ್ಡ್ ಕಂಡರೆ ಸ್ಕೀಮಾ ಕಂಪೈಲ್ ಮಾಡುವಾಗಲೇ ನಿಲ್ಲಿಸುತ್ತದೆ. ಅದನ್ನು ಯಾವತ್ತೂ ಆಫ್ ಮಾಡಬೇಡ. ಹೊಸ ಕೀವರ್ಡ್ ಬೇಕಾದರೆ 2019 ಅಥವಾ 2020ರ ಆವೃತ್ತಿಯನ್ನು ಪ್ರತ್ಯೇಕವಾಗಿ ಆರಿಸಿಕೊಳ್ಳಬೇಕು, ಸ್ಕೀಮಾದ ತಲೆಯಲ್ಲಿ ಆ ಡ್ರಾಫ್ಟ್‌ನ ವಿಳಾಸ ಬರೆಯಬೇಕು.

ತಮ್ಮ: ನಮ್ಮ ಎಪಿಐ ವಿವರಣೆ ಓಪನ್‌ಎಪಿಐನಲ್ಲಿದೆ, 3.0.

ಅಕ್ಕ: ಅಲ್ಲಿ ಈ ಕೀವರ್ಡ್ ಇಲ್ಲ. 3.0 ಬಳಸುವುದು ಹಳೆಯ ಡ್ರಾಫ್ಟ್ ಒಂದರ ತಿದ್ದಿದ ಭಾಗವನ್ನು. 2021ರ 3.1ರಿಂದಲೇ ಅದು 2020-12ಕ್ಕೆ ಹೊಂದಿಕೊಂಡದ್ದು. 3.1ಕ್ಕೆ ಹೋಗಲು ಆಗದಿದ್ದರೆ ಹೆಸರುಗಳ ಪಟ್ಟಿ ಮಾಡುವ ಹಳೆಯ ದಾರಿಯೇ ಗತಿ, ಇಲ್ಲವೇ ಬಿಲ್ಡ್ ಸಮಯದಲ್ಲಿ ತೆರೆದ ಸ್ಕೀಮಾಗಳನ್ನು ಒಂದಾಗಿ ಕಲೆಸಿ ಒಂದೇ ದೊಡ್ಡ ಪ್ರಾಪರ್ಟೀಸ್ ಮಾಡಿಕೊಳ್ಳಬೇಕು. ಒಂದೇ ಹೆಸರಿನ ಫೀಲ್ಡ್ ಎರಡು ಕಡೆ ಬೇರೆಬೇರೆ ನಿಯಮದೊಂದಿಗೆ ಇದ್ದರೆ ಕಲೆಸುವುದು ಜಟಿಲವಾಗುತ್ತದೆ. ನಿನ್ನವು ಬೇರೆಬೇರೆ ಹೆಸರಿನವು, ತೊಂದರೆಯಿಲ್ಲ.

ತಮ್ಮ: ವಿಳಾಸ ಅಂತ ಒಳಗೊಂದು ಆಬ್ಜೆಕ್ಟ್ ಸೇರಿಸಬೇಕು ಅಂತಿದ್ದಾರೆ. ಹೊರಗೆ ಮುಚ್ಚಿದರೆ ಅದೂ ಮುಚ್ಚುತ್ತದಾ?

ಅಕ್ಕ: ಇಲ್ಲ. ಅಡಿಶನಲ್ ಆಗಲಿ ಅನ್‌ಇವ್ಯಾಲ್ಯುಯೇಟೆಡ್ ಆಗಲಿ, ಒಂದು ಮಟ್ಟಕ್ಕೆ ಮಾತ್ರ. ವಿಳಾಸದ ಒಳಗೆ 'ಪಿನ್‌ಕೋಡು' ಅಂತ ತಪ್ಪಾಗಿ ಬಂದರೂ ಹೊರಗಿನದಕ್ಕೆ ಗೊತ್ತಾಗುವುದಿಲ್ಲ. ವಿಳಾಸವನ್ನು ಅದರ ಮಟ್ಟದಲ್ಲೇ ಮುಚ್ಚಬೇಕು.

ಎರರ್ ಓದುವಾಗಲೂ ಒಂದು ಎಚ್ಚರಿಕೆ. ಹುಟ್ಟಿದ ದಿನ ತಪ್ಪಿದ್ದರೆ 'ವ್ಯಕ್ತಿ' ಭಾಗ ಫೇಲಾಗುತ್ತದೆ. ಫೇಲಾದ ಭಾಗದ ಗುರುತುಗಳೆಲ್ಲ ಅಳಿಸಿಹೋಗುವುದರಿಂದ ಹೆಸರು, ಫೋನ್ ಕೂಡ ಹೆಚ್ಚುವರಿ ಅಂತ ಎರರ್ ಪಟ್ಟಿಯಲ್ಲಿ ಬರಬಹುದು. ಗಾಬರಿ ಬೇಡ. ಒಳಗಿನ ಎರರ್ ಸರಿಮಾಡಿದರೆ ಉಳಿದವು ತಾವೇ ಹೋಗುತ್ತವೆ. ಎಪಿಐ ಬಳಸುವವರಿಗೆ ಉತ್ತರ ಕಳಿಸುವಾಗ ಈ ಹಿಂಬಾಲದ ಎರರ್‌ಗಳನ್ನು ತೆಗೆದು ಕಳಿಸು, ಇಲ್ಲದಿದ್ದರೆ ಅವರು ಸರಿಯಾಗಿರುವ ಹೆಸರನ್ನೇ ತಿದ್ದಲು ಕೂರುತ್ತಾರೆ.

ತಮ್ಮ: 2020-12ಕ್ಕೇ ಹೋಗುತ್ತೇನೆ. ವ್ಯಾಲಿಡೇಟರ್ ಅದನ್ನು ಸರಿಯಾಗಿ ಮಾಡುತ್ತದೆ ಅಂತ ನಂಬುವುದು ಹೇಗೆ?

ಅಕ್ಕ: ಜೇಸನ್ ಸ್ಕೀಮಾದವರದ್ದೇ ಒಂದು ಅಧಿಕೃತ ಟೆಸ್ಟ್ ಸೂಟ್ ಇದೆ, ಯಾವ ಭಾಷೆಯ ವ್ಯಾಲಿಡೇಟರ್ ಬೇಕಾದರೂ ಓಡಿಸಬಹುದು. ಬೋಟೈ ಅನ್ನುವ ಸಾಧನ ಅದನ್ನು ಬೇರೆಬೇರೆ ವ್ಯಾಲಿಡೇಟರ್‌ಗಳ ಮೇಲೆ ಓಡಿಸಿ ಫಲಿತಾಂಶ ಪ್ರಕಟಿಸುತ್ತದೆ. ಮೊದಲು ಅಲ್ಲಿ ನಿನ್ನದನ್ನು ಹುಡುಕು. ಆಮೇಲೆ ನಿನ್ನ ಸ್ಕೀಮಾದ ಟೆಸ್ಟ್‌ಗಳನ್ನು ನೋಡು. ಪಾಸಾಗಬೇಕಾದ ದಾಖಲೆಗಳು ಎಲ್ಲರ ಹತ್ತಿರವೂ ಇರುತ್ತವೆ. ಫೇಲಾಗಲೇಬೇಕಾದವನ್ನು ಬರೆದಿಡುವವರು ಕಡಿಮೆ. 'ಪೋನ್' ಇರುವ ದಾಖಲೆ ಒಂದು, ಕಾಲೇಜು ಕಳಿಸುವ ಸಾಮಾನ್ಯ ಸದಸ್ಯ ಒಬ್ಬ, ವಿಳಾಸದೊಳಗೆ ಬೇಡದ ಫೀಲ್ಡ್ ಇರುವುದು ಒಂದು. ಇವತ್ತೇ ಮೂರನ್ನೂ ಬರೆದು ಸಿಐಗೆ ಸೇರಿಸು. ಮೂರೂ ರಿಜೆಕ್ಟ್ ಆಗುವವರೆಗೆ ಪ್ರೊಡಕ್ಷನ್‌ಗೆ ಕಳಿಸಬೇಡ.